ಹಾಲಿ ರೂಪಾಯಿ

ಶಹಾಬಾದಿನ ಕಂಪನಿ ಆಫೀಸಿನಾಗ ಫ್ಯಾನು ತಿರುಗತಿತ್ತು.
ನನ್ನ ಕೈಯಾಗ ಕಿರ್ದಿಯ ಒಂದು ಹಾಳಿ, ಉರ್ದು.
ಓದಿ ಹೇಳಿದವರು ಓಣಿಯ ಜುಲೇಖಾ ಟೀಚರು:
ಹುಸೇನಪ್ಪ ವಲ್ದ್ ದುರ್ಗಪ್ಪ, ಖಣಿ ನಂಬರ್ ಏಳು,
ಮುಂಗಡ ಹನ್ನೆರಡು ರೂಪಾಯಿ, ಹಾಲಿ,
ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದಾಣೆ,
ತೀರುವತನಕ ಆಳು.
ಕೆಳಗ ಹೆಬ್ಬೆಟ್ಟು.
ಶಾಯಿ ಮಾಸ್ಯದ, ಗೆರಿ ಮಾಸಿಲ್ಲ.

ನಮ್ಮ ಮುತ್ಯಾ. ಮದುವಿಗೆ ತಗೊಂಡ ರೊಕ್ಕ:
ಒಂದು ಸೀರಿ, ಎರಡು ಚೀಲ ಜ್ವಾಳ,
ಹಲಗಿ ಬಾರಿಸುವವರಿಗೆ ಎಂಟಾಣೆ.
ಹತ್ತೊಂಬತ್ತು ವರ್ಷ ಫರ್ಸಿ ಎಬ್ಬಿಸಿದ.
ಹನ್ನೆರಡು ಕರಗಲಿಲ್ಲ, ನಲವತ್ತಾತು.
ಧೂಳು ಎದಿಯಾಗ ಹೊಕ್ಕು ಸತ್ತ.
ಮೂರನೇ ದಿನಕ್ಕ ನಮ್ಮಪ್ಪನ ಹೆಬ್ಬೆಟ್ಟು ತಗೊಂಡ್ರು.
ಅವಗ ಆಗ ಹನ್ನೊಂದು.

ಮ್ಯಾನೇಜರ ಸಾಹೇಬರು ಕೆಟ್ಟವರಲ್ಲ.
ಚಹಾ ತರಿಸಿದರು, ಬಶಿಯಾಗ ಎರಡು ಬಿಸ್ಕೀಟು.
"ನೋಡಿ ಸಾಬಮ್ಮನವರೇ, ಇದು ಬಹಳ ಹಳೇ ಮಾತು.
ನಿಜಾಮರ ಕಾಲ ಹೋಯಿತು, ಕಂಪನಿ ಎರಡು ಸಲ ಕೈ ಬದಲಾಯಿತು.
ಈಗಿನದು ಕಾನೂನಿನ ಪ್ರಕಾರ ಬೇರೆಯೇ ವ್ಯಕ್ತಿ."

ವ್ಯಕ್ತಿ.
ನಾ ಗ್ವಾಡಿ ನೋಡಿದೆ. ಬಂಗಾರದ ಅಕ್ಷರ:
ನಮ್ಮ ನೂರು ವರ್ಷಗಳ ಪರಂಪರೆ.

ನಮ್ಮಪ್ಪನೂ ಬ್ಯಾರೆ ವ್ಯಕ್ತಿನೇ ಇದ್ದ, ಸಾಹೇಬ್ರ.
ಮುತ್ಯಾನ ಸಾಲಕ್ಕ ಅವನ ರಟ್ಟಿ ವಾರಸಾತು.
ನೂರು ವರ್ಷಕ್ಕ ನೀವು ವಾರಸ,
ಅದರಾಗಿನ ಹತ್ತೊಂಬತ್ತಕ್ಕ ಯಾರೂ ಇಲ್ಲೇನು?

ಪಾರ್ಕಿನಾಗ ಒಂದು ಕಲ್ಲಿನ ಬೆಂಚು ಹಾಕಿಸತಾರಂತ,
ಮುತ್ಯಾನ ಹೆಸರು ಕೆತ್ತಿಸಿ.
ಕಲ್ಲು ಬ್ಯಾಡ್ರಿ. ಕಲ್ಲು ನಮ್ಮೂರಾಗ ಬೇಕಾದಷ್ಟದ.
ಲೆಕ್ಕ ಬೇಕು.
ಅವನ ಹತ್ತೊಂಬತ್ತು ವರ್ಷದ ಕೂಲಿ, ಅಪ್ಪನ ಆರು.
ಬಡ್ಡಿ ನಾ ಹೆಚ್ಚಿಗೆ ಕೇಳೂದಿಲ್ಲ,
ರೂಪಾಯಿಗೆ ತಿಂಗಳಿಗೆ ಒಂದಾಣೆ.
ದರ ನಿಮ್ಮ ಕೈಬರಹದಾಗೇ ಅದ.

ಅವರು ಕ್ಯಾಲ್ಕುಲೇಟರ್ ಎಳಕೊಂಡರು,
ಎರಡು ಗುಂಡಿ ಒತ್ತಿ ಬಿಟ್ಟರು.
"ಹಾಲಿ ರೂಪಾಯಿ ಈಗ ಎಲ್ಲಿದೆ?" ಅಂತ ನಕ್ಕರು.
ಹಾಲಿ ಅಂದರ ಈಗಿಂದು, ಸಾಹೇಬ್ರ.
ಹಾಲಿ ಶಾಸಕ, ಹಾಲಿ ವಿಳಾಸ, ಅಂತೀರಲ್ಲ.

ಚಹಾದ ಮ್ಯಾಲ ಕೆನಿ ಕಟ್ಟಿತು.
ಚಪ್ಪಲಿ ಬಾಗಲದಾಗೇ ಬಿಟ್ಟು ಬಂದಿದ್ದೆ,
ಬರಿಗಾಲಿಗೆ ನೆಲ ತಣ್ಣಗ ಹತ್ತತಿತ್ತು.
ಬೂದು ಫರ್ಸಿ. ಉಳಿ ಜಾರಿದಲ್ಲಿ
ಹೆಬ್ಬೆಟ್ಟಿನಷ್ಟು ಒಂದು ತಗ್ಗು.
ಕಾಲಿನ ಹೆಬ್ಬೆರಳು ಅದರಾಗ ಇಟ್ಟು ಕೂತೆ.
"ಮತ್ತ ಯಾವಾಗ ಬರಲಿ?"

ಕ್ಯಾಲೆಂಡರ್ ನೋಡಿದರು. ಗುರುವಾರ ಸೂಟಿ ಅದಂತ.
ಶುಕ್ರವಾರ ಬರತೀನಿ.
ಹಾಳಿ ತರತೀನಿ, ಟೀಚರನ್ನೂ ಕರಕೊಂಡು ಬರತೀನಿ.