ಶಾಲಾ ಪರಿಚಯ: ಒಂದು ಪುಟ ಮೀರದಂತೆ

ಬೆಳ್ಳಿಹಬ್ಬದ ಸಂಚಿಕೆಗೆ ಒಂದೇ ಪುಟ ಸಾಕು ಮೇಡಂ, ಅಂದಿರಿ.
ಸ್ಥಾಪನೆ, ಕಟ್ಟಡ, ಫಲಿತಾಂಶ, ಗಣ್ಯರು ಬಂದುಹೋದ ದಿನ.
ಗಣಿತದವರು ಉದ್ದ ಬರೆಯುವುದಿಲ್ಲ ಅಂತ
ನನಗೇ ಕೊಟ್ಟಿರಿ.

ಬರೆಯುತ್ತೇನೆ ಸಾರ್.
ಅರಸೀಕೆರೆಯಿಂದ ತಿಪಟೂರು ದಾರಿಯಲ್ಲಿ ನಾಲ್ಕು ಕಿಲೋಮೀಟರು,
ಎಡಕ್ಕೆ ಬೋಳುಗುಡ್ಡ, ಬಲಕ್ಕೆ ರೈಲುಹಳಿ,
ನಡುವೆ ಸರ್ಕಾರಿ ಹಳದಿಯ ಗೋಡೆ.
ಪ್ಯಾಸೆಂಜರು ಹಾದರೆ ಅರ್ಧ ನಿಮಿಷ ಪಾಠ ನಿಲ್ಲುತ್ತದೆ,
ಗೂಡ್ಸು ಹಾದರೆ ಎರಡು.
ಮಕ್ಕಳು ಬೋಗಿ ಎಣಿಸುತ್ತಾರೆ.
ನಾನೂ ಎಣಿಸುತ್ತೇನೆ.

ಫೀಸಿಲ್ಲ, ಡೊನೇಶನ್ ಇಲ್ಲ, ಶಿಫಾರಸು ನಡೆಯುವುದಿಲ್ಲ.
(ಮಂತ್ರಿಗಳ ಷಡ್ಡಕನ ಮಗನನ್ನೇ ವಾಪಸು ಕಳಿಸಿದೆವಲ್ಲ,
ಅದನ್ನು ಅಚ್ಚು ಹಾಕಬೇಡಿ.)
ಇರುವುದು ಒಂದೇ ಬಾಗಿಲು:
ಮಾರ್ಚಿಯ ಒಂದು ಭಾನುವಾರ
ತಾಲ್ಲೂಕಿನ ಐದನೇ ಕ್ಲಾಸೆಲ್ಲ ಇಲ್ಲಿ ಸಾಲಾಗಿ ಕೂತು
ಕಪ್ಪು ಪೆನ್ನಿನಲ್ಲಿ ಸೊನ್ನೆ ತುಂಬುತ್ತದೆ.
ಗೇಟಿನಾಚೆ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟ ತಾಯಂದಿರು
ಒಳಗಿನ ಸದ್ದಿಲ್ಲದಿರುವಿಕೆಯನ್ನೇ ಕಿವಿಗೊಟ್ಟು ಕೇಳುತ್ತಾರೆ.
ಒಂಬೈನೂರು ಮಕ್ಕಳು, ಎಂಬತ್ತು ಜಾಗ.
ಪಟ್ಟಿ ಅಂಟಿಸುವ ದಿನ ಗುರುಬಸಪ್ಪ
ಮೈದಾ ಗೋಂದಿನ ಡಬ್ಬಿಯನ್ನು ಅಲ್ಲೇ ಬಿಟ್ಟು
ಸ್ಟಾಫ್ ರೂಮಿನ ಹಿಂದೆ ಬೀಡಿ ಸೇದಲು ಹೋಗುತ್ತಾನೆ.
ಇಪ್ಪತ್ತೈದು ವರ್ಷ ಆಯಿತು,
ಆ ಗೋಡೆಯೆದುರು ಅವನು ಒಮ್ಮೆಯೂ ನಿಂತಿಲ್ಲ.

ಕಣಕಟ್ಟೆ ಕಡೆಯ ಸಿದ್ದಗಂಗಮ್ಮ,
ಮಂಡಿಯಲ್ಲಿ ಕೊಬ್ಬರಿ ಆರಿಸುವವಳು,
ಅವಳಿಗೆ ಅವಳಿ ಹೆಣ್ಣುಮಕ್ಕಳು: ಇಂದುಕಲಾ, ಚಂದ್ರಕಲಾ.
ಎರಡು ಹೆಸರಿಗೂ ಅರ್ಥ ಒಂದೇ.
ಅಂಕದಲ್ಲಿ ಮಾತ್ರ ಒಂದು ಸೊನ್ನೆಯಷ್ಟು ಆಚೀಚೆ.
ಇಂದು ಕಟ್ಟಕಡೆಯವಳಾಗಿ ಒಳಗೆ ಬಂದಳು,
ಚಂದ್ರ ಊರ ಶಾಲೆಗೆ ಹೋದಳು;
ಅಲ್ಲಿ ಗಣಿತಕ್ಕೆ ಮೇಷ್ಟರು ಬಂದರೂ ನಿಲ್ಲುತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಇಂದುವನ್ನು ಬೈದೆ:
ಅಷ್ಟು ಒತ್ತಿ ಬರೆಯಬೇಡವೇ, ಹಾಳೆ ಹರಿಯುತ್ತೆ.
ತಲೆ ತಗ್ಗಿಸಿದಳು,
ಇನ್ನೂ ಒತ್ತಿ ಬರೆದಳು.
ಬೆರಳ ತುದಿಯೆಲ್ಲ ನೀಲಿ.
ನೋಟ್ಸು ಎತ್ತಿ ನೋಡಿದರೆ
ಹಾಳೆಯಡಿ ಕಾರ್ಬನ್ನು,
ಟೈಪಿಂಗ್ ಅಂಗಡಿ ಬಿಸಾಕಿದ್ದು,
ಬೆಳಕಿಗೆ ಹಿಡಿದರೆ ಯಾರ್ಯಾರದೋ ಕ್ರಯಪತ್ರದ ಸಾಲುಗಳು;
ಅದರಡಿ ಇನ್ನೊಂದು ಹಾಳೆ,
ನನ್ನ ಇಡೀ ಬೋರ್ಡು, ನೀಲಿಯಲ್ಲಿ, ಕೊಂಚ ಮಸುಕಾಗಿ.
ಅಕ್ಕನಿಗೆ ಮಿಸ್, ಅಂದಳು.
ಏಳು ನಿಮಿಷ ದೊಡ್ಡವಳು.

ನಾನೇನೂ ಅನ್ನಲಿಲ್ಲ.
ನಿಯಮಾವಳಿಯಲ್ಲಿ ಕಾರ್ಬನ್ನಿನ ಮಾತಿಲ್ಲ, ಹುಡುಕಿದೆ.
ಅವತ್ತಿನಿಂದ ಬೋರ್ಡಿನ ಮೇಲೆ
ಒಂದೊಂದು ಹಂತ ಹೆಚ್ಚೇ ಬರೆಯತೊಡಗಿದೆ,
ಬಾಯಲ್ಲಿ ಹೇಳಿ ಬಿಡುತ್ತಿದ್ದುದನ್ನೂ ಬರೆದೆ.
ಇಲ್ಲಿ ಇಲ್ಲದವಳಿಗೆ ನನ್ನ ಬಾಯಿ ಕೇಳುವುದಿಲ್ಲವಲ್ಲ.
ನಿಧಾನವಾಯಿತು ಮೇಡಂ, ಪೋರ್ಷನ್ ಮುಗಿಯಲ್ಲ,
ಅಂತ ನೀವೇ ಕರೆದು ಹೇಳಿದಿರಿ. ನೆನಪಿರಬಹುದು.

ಆಗಸ್ಟಿನ ಒಂದು ಗುರುವಾರ ಬಹುಪದೋಕ್ತಿ ಮಾಡುತ್ತಿದ್ದೆ.
ಗೂಡ್ಸು ಹಾದಿತ್ತು, ಐವತ್ತೆಂಟು ಬೋಗಿ.
ಎಂಬತ್ತು ಮಕ್ಕಳು, ಸೋಸಿ ತೆಗೆದವರು, ಇಳಿಸಿಕೊಂಡರು.
ಎಂಬತ್ತು ಪುಸ್ತಕಕ್ಕೂ ಕೆಂಪು ರೈಟು ಹಾಕಿ ಮನೆಗೆ ಹೋದೆ.
ಶನಿವಾರ ಇಂದು ಒಂದು ಚೀಟಿ ಕೊಟ್ಟಳು.
ಅದೇ ಬರಹ, ಆದರೆ ಒತ್ತಿಲ್ಲ, ಹಗುರ:
“ಮೂರನೇ ಸಾಲಲ್ಲಿ ಮೈನಸ್ ಇಲ್ಲ ಮಿಸ್.
ಕಾರ್ಬನ್ನಿನಲ್ಲಿ ಬಿದ್ದಿಲ್ಲವೇನೋ.
ತಪ್ಪು ತಿಳಿಯಬೇಡಿ.”

ಕಾರ್ಬನ್ನು ಏನನ್ನೂ ಬಿಟ್ಟಿರಲಿಲ್ಲ.

ಪುಟ ಮೀರಿದೆ, ಗೊತ್ತು.
ಫಲಿತಾಂಶ ನೂರಕ್ಕೆ ತೊಂಬತ್ತೆಂಟು, ಅದನ್ನು ನೀವೇ ಮೇಲ್ಗಡೆ ಸೇರಿಸಿ,
ಗಣ್ಯರ ಫೋಟೋ ನನ್ನ ಹತ್ತಿರ ಇಲ್ಲ.
ನಿನ್ನೆ ಪೇಟೆಬೀದಿಯಲ್ಲಿ ಕಾರ್ಬನ್ ಹಾಳೆ ಕೇಳಿದೆ.
ಈಗ ಯಾರು ತಗೋತಾರೆ ಅನ್ನುತ್ತಾ
ಅಂಗಡಿಯಾತ ಅಟ್ಟದಿಂದ ಇಳಿಸಿ ಧೂಳು ಊದಿದ.
ನೂರು ಹಾಳೆಯ ಕಟ್ಟು.
ಬಿಲ್ಲು ಇದರ ಜೊತೆಗಿಟ್ಟಿದ್ದೇನೆ,
ಯಾವ ಲೆಕ್ಕಕ್ಕೆ ಬರುತ್ತದೋ ನೋಡಿ ಹಾಕಿ.