ಆರು ಸಾಕು

ಗೋಣಿಯಲ್ಲಿ ಸುತ್ತಿ ತಂದಿದ್ದರು ಬೆಳ್ಯಪ್ಪ
ಪಲ್ಪರಿನ ಶಾಫ್ಟು, ಮೂರಡಿ ಉದ್ದ,
ಹಣ್ಣಿನ ಲೋಳೆ ಇನ್ನೂ ಆರಿರಲಿಲ್ಲ.
ಕಾರು ಮಾರಿದ ಮೇಲೆ ಕಾರುಶೆಡ್ಡೇ ನನ್ನ ವರ್ಕ್‌ಶಾಪು.
"ನಲವತ್ತು ಮೂಟೆ ಕೊಯ್ದು ಸುರಿದಿದೆ,
ಬೆಳಗಾದರೆ ಹುಳಿ ವಾಸನೆ," ಎಂದರು.
"ಹಾಪರಿಗೆ ಬೋಲ್ಟು ಬಿತ್ತು."

ಬೆರಳಾಡಿಸಿದೆ. ನಡುವಿನಲ್ಲಿ
ಉಗುರು ಕೂರುವಂಥ ಮೂರು ತಗ್ಗು.
ಬೋಲ್ಟು ಹೀಗೆ ಕಚ್ಚುವುದಿಲ್ಲ.
"ಸುತ್ತಿಗೆ ಹಾಕಿದ್ದು ಯಾರು?"
ಸುಂಟಿಕೊಪ್ಪಕ್ಕೆ ಬಸ್ಸು ಬಂತೇನೋ ಎಂಬಂತೆ
ಅವರು ರಸ್ತೆಯ ಕಡೆ ತಿರುಗಿದರು.

ಸೀಮೆಎಣ್ಣೆಯಲ್ಲಿ ತೊಳೆದು, ವಿ-ಬ್ಲಾಕಿನ ಮೇಲೆ ಮಲಗಿಸಿ
ನಡುವಿಗೆ ಡಯಲ್ ಗೇಜು ತಾಗಿಸಿದೆ.
ಮುಳ್ಳು ಓದಲು ನನ್ನ ಕಣ್ಣು ಈಗ ಸಾಲದು.
ಜೆಸಿಂತಾ ಸ್ಟೂಲು ಎಳೆದುಕೊಂಡಳು
ಮಡಿಲಲ್ಲಿ ಸುಲಿಯುತ್ತಿದ್ದ ಬಟಾಣಿ ಸಮೇತ.
ನಾನು ತಿರುಗಿಸುವುದು, ಅವಳು ಕೂಗುವುದು,
ಚರ್ಚಿನ ಹೌಸಿಯಲ್ಲಿ ಕೂಗುವ ಅದೇ ದನಿ:
"ಒಂದು ಸುತ್ತು ಪೂರ್ತಿ, ಮೇಲೆ ನಲವತ್ತು!"
ಎತ್ತರ ಬಂದ ಬದಿಗೆ ಸೀಮೆಸುಣ್ಣದ ಗೀಟು.

ರೈಲಿಲ್ಲದ ಜಿಲ್ಲೆಗೆ
ಮೈಸೂರಿನ ಗುಜರಿಯಿಂದ ಬಂದ ರೈಲು ತುಂಡು.
ಅದಕ್ಕೆ ಎರಡೂ ತುದಿ ಸರಪಳಿ ಬಿಗಿದು,
ಗೀಟು ಕೆಳಗೆ,
ಗೀಟಿನ ಕೆಳಗೆ ಹಿತ್ತಾಳೆ ಚೂರು,
ಅದರ ಕೆಳಗೆ ಲಾರಿ ಜಾಕಿ.

ಒತ್ತಿದರೆ ಬಾಗುತ್ತದೆ, ಬಿಟ್ಟರೆ
ತನ್ನ ಹಳೇ ಸೊಟ್ಟಿಗೆ ವಾಪಸು. ಉಕ್ಕಿನ ಚಾಳಿ ಅದು.
ನೇರ ಕಂಡಲ್ಲಿ ನಿಲ್ಲಿಸಿದರೆ ಏನೂ ಆಗಿರುವುದಿಲ್ಲ,
ದಾಟಿಸಬೇಕು
ಆ ಕಡೆಗೆ ಸೊಟ್ಟ ಕಾಣುವಷ್ಟು.
"ಅಯ್ಯೋ, ಸಾಕು ಮಾರಾಯಾ!" ಬೆಳ್ಯಪ್ಪ ಅರ್ಧ ಎದ್ದರು.
ಜಾಕಿ ಸಡಿಲಿಸಿದೆ.

ತೊಂಬತ್ತು.
ಮತ್ತೆ. ಐವತ್ತೆರಡು.
ಮತ್ತೆ. ಐವತ್ತೆರಡೇ,
ನನ್ನ ಅಷ್ಟೂ ಬೆವರು ಅದಕ್ಕೆ ಲೆಕ್ಕಕ್ಕೇ ಇಲ್ಲ.
ಅರ್ಧ ಪಂಪು ಹೆಚ್ಚು.
ಹೊರಗೆ ಮರದ ಲಾರಿ ಹೋಯಿತು, ಮುಳ್ಳು ನಡುಗಿತು,
ಅದು ತಣಿಯುವ ತನಕ ಮೂವರೂ ಉಸಿರು ಹಿಡಿದೆವು.
ಹತ್ತೊಂಬತ್ತು.
ಬಟಾಣಿಯೊಂದು ಉರುಳಿ ಬೆಂಚಿನಡಿ ಸೇರಿತು.
ಆರು.

"ಸೊನ್ನೆ ಬರಲ್ವ?"
ಬರಬಹುದು. ಪೆಟ್ಟು ಬಿದ್ದಲ್ಲಿ ಬಿರುಕೂ ಬರಬಹುದು.
ಆರು ಸಾಕು, ಬುಷ್ಷಿನಲ್ಲಿ ಅಷ್ಟು ಜಾಗ ಇದೆ.

ಅದೇ ಗೋಣಿ, ಅದೇ ಹಗ್ಗ.
ಜೀಪಿನ ತನಕ ಹೋದವರು ತಿರುಗಿ ಬಂದು
ಬಾಗಿಲಲ್ಲಿ ನಿಂತರು.
"ಹಾಕಿದ್ದು ನಾನೇ. ನಾಲ್ಕು ಏಟು."
ನನಗೆ ಸಿಕ್ಕಿದ್ದು ಮೂರು.
ಎಡಗೈ ಅಷ್ಟು ಹೊತ್ತೂ ಜೇಬಿನಲ್ಲಿತ್ತು.
ದುಡ್ಡು ಎಣಿಸಲು ಹೊರತೆಗೆದಾಗ ಕಂಡೆ,
ಹೆಬ್ಬೆರಳ ಉಗುರು
ಗಿಡದಲ್ಲೇ ಕಪ್ಪಾದ ಕಾಫಿ ಹಣ್ಣಿನ ಬಣ್ಣ.