ಅರ್ಧ ಇಂಚು

ನಲವತ್ತು ವರ್ಷದ ವಹಿ ಐತ್ರಿ ನನ್ನ ಹತ್ರ.
ಅದರಾಗ ಏಕನಾಥಸಾ ಬಾಕಳೆ ಅಂದ್ರ ಬರೇ ಅಳತಿ.
ಹನ್ನೆರಡು, ಹದಿನೆಂಟು. ಹದಿನೆಂಟು, ಇಪ್ಪತ್ನಾಕು.
ಗಾಜು ಬೇಕು, ಗಾಜು ಬ್ಯಾಡ. ಉದ್ರಿ ಇಷ್ಟು.
ಚಿತ್ರದ ಬಗ್ಗೆ ನಾ ಒಂದಕ್ಷರ ಬರದಿಲ್ಲ.
ಚಿತ್ರ ನನಗ ತಿಳೀತಿದ್ದಿಲ್ಲ,
ಅಂಚು ತಿಳೀತಿತ್ತು.

ಮದಲ ಬಂದಾಗ ಅವಗ ಮೀಸಿ ಮೂಡಿದ್ದಿಲ್ಲ.
ಬೆಟಗೇರಿ ಮಗ್ಗದ ಮನಿ ಹುಡುಗ,
ಬಗಲಾಗ ಸುತ್ತಿದ ಹಾಳಿ,
ಕಿವ್ಯಾಗ ಇನ್ನೂ ಅವರಪ್ಪನ ಬೈಗಳ.
ಬಿಚ್ಚಿದ್ರ ಗೆರಿ, ಬರೇ ಗೆರಿ:
ನೆಟ್ಟಗ ನಿಂತಾವು, ಅಡ್ಡ ಮಲಗಿದಾವು.
ಮನಿ ಅಂದ್ರೂ ಚೌಕ, ಮೋಡ ಅಂದ್ರೂ ಚೌಕ,
ಹಡದವ್ವನ ಮಾರಿಗೂ ನಾಕು ಮೂಲಿ.
"ಯಾಕೋ ತಮ್ಮಾ, ನಿಮ್ಮವ್ವಗ ಗಲ್ಲ ಇಲ್ಲೇನು?"
"ಹಾಸು ಹೊಕ್ಕು ಬಿಟ್ರ ಈ ಕೈಗೆ
ಬ್ಯಾರೆ ದಾರಿ ಗೊತ್ತಿಲ್ಲ ಕಾಕಾ" ಅಂದಾ.
ನನಗೇನು, ಭಾಳ ಸಲೀಸು. ಚೌಕಕ್ಕ ಚೌಕ.
ಮೂಲಿ ಕೊಯ್ದೆ, ಮೊಳಿ ಬಡದೆ.
ರೊಕ್ಕ ಇರಲಿಲ್ಲ ಅವನ ಹತ್ರ,
ಅವ್ವನ್ನ ನನ್ನ ಅಂಗಡಿ ಗ್ವಾಡಿಗೇ ಬಿಟ್ಟು ಹೋದಾ.

ಆಮ್ಯಾಲೆ ಅಂಬೂಬಾಯಿ ಬಂದ್ಲು.
ಎಡಗಾಲು ಒಂದೀಟು ಗಿಡ್ಡ ಅಕಿದು,
ನಡದ್ರ ಇಡೀ ಓಣಿ ಒಂದ ಕಡೆ ವಾಲಿಧಂಗ.
ಆ ವರ್ಷ ಅವನ ಕಂಬ ವಾಲಿದವು,
ಕದ ವಾಲಿದವು, ಬೇವಿನ ಗಿಡ ವಾಲಿತು,
ಟೇಸನ್ನಿನ್ಯಾಗ ನಿಂತ ರೈಲು ಸೈತ
ಯಾರದೋ ಹೆಗಲಿಗೆ ತಲಿ ಇಡೋಹಂಗ.
ಕೊಂಡವರು ತಿರುಗಿ ತಂದ್ರು:
"ಬುಡ್ನೇಸಾಬ, ಕಟ್ಟು ಸೊಟ್ಟ ಹಾಕೀಯಲ್ಲೋ!"
ಮೂಲಿಮಟ್ಟ ಹಚ್ಚಿ ತೋರಿಸಿದೆ.
ಕಟ್ಟು ನೆಟ್ಟಗಿತ್ತು.
ಜಗಳ ತೀರಲಿಲ್ಲ.

ಮಗ್ಗ ಮಾರಿದಾ. ನಂಬರ್ ಪ್ಲೇಟ್ ಬರದಾ.
ಕಪ್ಪತಗುಡ್ಡದ ಮ್ಯಾಲೆ ಗಾಳಿಕಂಬ ಎದ್ದವು ನೋಡ್ರಿ,
ಹುಚ್ಚು ಹಿಡೀತು ಅವಗ.
ಎಲ್ಲಾದಕ್ಕೂ ಮೂರು ರೆಕ್ಕಿ:
ಹೋರಿಗೆ ಮೂರು, ಚಾದ ಕಪ್ಪಿಗೆ ಮೂರು,
ರೊಟ್ಟಿ ಬಡಿಯೋ ಅಂಬೂಬಾಯಿಗೆ
ಮೂರು ಕೈ, ತಿರುಗತಾವ, ನಿಲ್ಲವಲ್ಲವು.
ಎರಡು ವರ್ಷ ಒಂದೂ ಖರ್ಚಾಗಲಿಲ್ಲ.
ಉದ್ರಿ ಹನ್ನೊಂದು ನೂರಾ ನಲವತ್ತು.
ನಾನೂ ಕೇಳಲಿಲ್ಲ.

ಅಕಿ ಹೋದ ಮ್ಯಾಲೆ
ಒಂದು ವರ್ಷ ವಹಿಯೊಳಗ ಅವನ ಹೆಸರಿಲ್ಲ.
ಒಂದಿನ ಬಂದಾ. ಹಾಳಿ ಬಿಚ್ಚಿದಾ.
ನಡುವ ಬರೇ ಬಿಳಿ.
ಇದ್ದದ್ದೆಲ್ಲಾ ಅಂಚಿಗೆ ಹೋಗಿತ್ತು,
ನೀಲಿ ಒಂದೀಟು, ಸುಣ್ಣದ ಕಲಿ ಒಂದೀಟು,
ಯಾರೋ ಆಗಷ್ಟ ಹೊಸ್ತಿಲ ದಾಟಿ ಹೋದಂಗ.
ಕಟ್ಟು ಇಟ್ಟು ನೋಡಿದೆ.
ಚಿತ್ರ ಇಲ್ಲ!
ಸುತ್ತ ಅರ್ಧ ಇಂಚು ನಾ ನುಂಗತೀನ್ರಿ,
ಅದು ನಮ್ಮ ಕಸಬಿನ ರೀತಿ,
ಇಲ್ಲಂದ್ರ ಹಾಳಿ ನಿಲ್ಲೂದಿಲ್ಲ.
ಅವ ಏನೂ ಅನ್ನಲಿಲ್ಲ. ನನ್ನ ಕೈ ನೋಡಿದಾ.

ಆ ರಾತ್ರಿ ಬಾಗಲ ಹಾಕಿ
ಗ್ವಾಡಿ ಮ್ಯಾಲಿನ ಅವರವ್ವನ್ನ ಇಳಿಸಿದೆ.
ತುಕ್ಕು ಹಿಡದ ಮೊಳಿ ಒಂದೊಂದ ಕಿತ್ತೆ.
ಕಟ್ಟಿನ ಕೆಳಗ ಹಾಳಿ ಇನ್ನೂ ಹೊಸಾದು,
ಬಿಸಲು ಕಂಡಿಲ್ಲ, ಧೂಳು ಕಂಡಿಲ್ಲ.
ಅಲ್ಲಿ ಪೆನ್ಸಿಲ್ಲಿನ ಒಂದು ಸಣ್ಣ ಬಾಗು,
ತೆಗದು ಅಳಿಸಿದ್ದು, ಮತ್ತ ತೆಗದದ್ದು.
ಗಲ್ಲ.

ಎಷ್ಟು ಮಂದಿದು ಏನೇನು ನುಂಗೀನೋ.
ವಹಿಯೊಳಗ ಅದರ ಲೆಕ್ಕಿಲ್ಲ.

ನಿನ್ನೆ ಮತ್ತ ಬಂದಿದ್ದಾ.
ಈಗ ಅವನ ಕೈ ನಡುಗತದ,
ಗೆರಿ ಜೋಳದ ಗಂಜಿಹಂಗ ಹರೀತದ.
"ಗುಂಡಗ ಕಟ್ಟಾಕ ಬರ್ತದೇನು ಕಾಕಾ?"
"ಬರೂದಿಲ್ಲಪಾ."
"ಹಂಗಾರ ಕಲೀರಿ" ಅಂದು
ನನ್ನ ಚಾ ಕುಡದು ಹೋದಾ.

ಎಪ್ಪತ್ತೊಂದು ನನಗ.
ಜರಡಿ ಕಟ್ಟೋರ ಕಡಿಂದ
ಬಿದಿರಿನ ಪಟ್ಟಿ ತಂದು ಬಕೀಟಿನ್ಯಾಗ ನೆನಿ ಇಟ್ಟೀನಿ.
ಬಗ್ಗತದೋ, ಮುರೀತದೋ,
ನಸುಕಿನ್ಯಾಗ ಎದ್ದು ನೋಡಬೇಕು.